ಕಡತದ ಮೇಲಿನ ಷರಾ: ಚಿತ್ರಹಿಂಸೆಗೆ ಒಪ್ಪಿಗೆಯಿತ್ತ ಆಳುವವರ ಮೇಲಿನ ಮೊಕದ್ದಮೆಗಳ ಚರಿತ್ರೆ

ಎಂಬತ್ತರ ದಶಕದಲ್ಲಿ ಆಫ್ರಿಕಾದ ಚಾಡ್ ದೇಶದ ಅಧ್ಯಕ್ಷ ಹಿಸೆನ್ ಹಾಬ್ರೆ ಅವರ ಮೇಜಿಗೆ ರೆಡ್‌ಕ್ರಾಸ್‌ನಿಂದ ಒಂದು ಪತ್ರ ಬಂತು. ಕಾಯಿಲೆ ಬಿದ್ದಿರುವ ಕೆಲವು ಯುದ್ಧಕೈದಿಗಳನ್ನು ಆಸ್ಪತ್ರೆಗೆ ಸೇರಿಸಲು ಅಪ್ಪಣೆ ಬೇಕು ಎಂಬುದು ಅದರಲ್ಲಿದ್ದ ಕೋರಿಕೆ. ಹಾಬ್ರೆ ಪತ್ರದ ಮೇಲೆಯೇ ಕೈಬರಹದಲ್ಲಿ ಷರಾ ಹಾಕಿದರು: ಇನ್ನು ಮುಂದೆ ಯುದ್ಧಕೈದಿ ಯಾರೇ ಆಗಲಿ, ಸತ್ತ ಹೊರತು ಸೆರೆಮನೆ ಬಿಟ್ಟು ಹೋಗುವಂತಿಲ್ಲ. 2002ರ ಡಿಸೆಂಬರ್ 2ರಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಇನ್ನೊಂದು ಕಡತಕ್ಕೆ ಸಹಿ ಮಾಡಿದರು. ಗ್ವಾಂಟನಾಮೊ ಸೆರೆಶಿಬಿರದ ಬಂದಿಗಳ ಬಾಯಿ ಬಿಡಿಸಲು ಬಟ್ಟೆ ಕಳಚಿಸುವುದು, ಒಂದೇ ಸಮನೆ 20 ತಾಸು ಪ್ರಶ್ನಿಸುವುದು, ನಾಯಿಯ ಭಯ ಹುಟ್ಟಿಸುವುದು, ನಾಲ್ಕು ತಾಸಿನವರೆಗೆ ನಿಲ್ಲಿಸುವುದು ಮುಂತಾದವಕ್ಕೆ ಮಂಜೂರಾತಿ ಕೇಳಿದ್ದ ಕಡತ ಅದು. ಸಹಿಯ ಜೊತೆಗೆ ಅವರೂ ಒಂದು ಷರಾ ಬರೆದರು: ನಾನು ದಿನಕ್ಕೆ ಎಂಟು-ಹತ್ತು ತಾಸು ನಿಂತೇ ಇರುತ್ತೇನೆ, ಇವರಿಗೇಕೆ ನಾಲ್ಕೇ ತಾಸಿನ ಮಿತಿ?

ರಮ್ಸ್‌ಫೆಲ್ಡ್ 2021ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೊದ ತಮ್ಮ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಹಾಬ್ರೆ ಜೀವಾವಧಿ ಶಿಕ್ಷೆ ಅನುಭವಿಸುತ್ತಲೇ ಸೆನೆಗಲ್‌ನಲ್ಲಿ ಸತ್ತರು. ಇಬ್ಬರ ಆಡಳಿತ ಎಸಗಿದ್ದನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಬ್ರೆ ಕಾಲದಲ್ಲಿ ಸತ್ತವರು 40,000 ಎಂದು ಚಾಡ್‌ನ ತನಿಖಾ ಆಯೋಗ 1992ರಲ್ಲಿ ಅಂದಾಜಿಸಿತ್ತು. ಆದರೆ ಕಾನೂನಿನ ಪ್ರಶ್ನೆ ಒಂದೇ: ಹೊಡೆದ ಕೈಯನ್ನಲ್ಲ, ಹೊಡೆಯಲು ಬಿಟ್ಟ ಸಹಿಯನ್ನು ಕಟಕಟೆಗೆ ತರಬಹುದೇ? ಮೇಲಿನವರ ವಿರುದ್ಧ ಸಾಕ್ಷ್ಯ ಸಿಗುವುದಿಲ್ಲ, ಆದ್ದರಿಂದ ಅವರು ಪಾರಾಗುತ್ತಾರೆ ಎನ್ನುವುದು ರೂಢಿಯ ಉತ್ತರ. ಈ ಎರಡು ಕಾಗದಗಳ ಮುಂದೆ ಆ ಉತ್ತರ ನಿಲ್ಲುವುದಿಲ್ಲ. ಸಾಕ್ಷ್ಯ ಎರಡೂ ಕಡೆ ಇತ್ತು. ವ್ಯತ್ಯಾಸ ಇದ್ದದ್ದು ಆ ಕಾಗದ ಯಾರ ಕೈ ಸೇರಿತು, ಅದನ್ನು ಹಿಡಿದುಕೊಂಡು ಎಷ್ಟು ವರ್ಷ ಯಾರು ಅಲೆದರು ಎಂಬುದರಲ್ಲಿ ಎಂದು ನನ್ನ ವಾದ.

ಕೈಗೆ ಶಿಕ್ಷೆ, ತಲೆಗೆ ಮಾಫಿ ಎಂಬ ಪರಿಪಾಠ ಹಳೆಯದು. ನಮಗೆ ಹತ್ತಿರದ ದಾಖಲೆಯೊಂದಿದೆ. ಬಳ್ಳಾರಿ, ಕೆನರಾ ಜಿಲ್ಲೆಗಳು ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲಿ ಕಂದಾಯ ವಸೂಲಿಗೆ ರೈತರನ್ನು ಹಿಂಸಿಸುತ್ತಾರೆ ಎಂಬ ದೂರು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಎಲಿಯಟ್, ಸ್ಟೋಕ್ಸ್ ಮತ್ತು ನಾರ್ಟನ್ ಎಂಬ ಮೂವರ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಬೆರಳುಗಳನ್ನು ಮರದ ಕಿಟ್ಟಿಯಲ್ಲಿ ಸಿಕ್ಕಿಸಿ ಹಿಂಡುವುದು, ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಎಲ್ಲೆಡೆ ನಡೆಯುತ್ತಿದೆ ಎಂದು ಅದು ಒಪ್ಪಿಕೊಂಡಿತು. ಆದರೆ ತಪ್ಪನ್ನು ಹೊರಿಸಿದ್ದು ದೇಶೀ ನೌಕರರ ಮೇಲೆ. ಯುರೋಪಿಯನ್ ಅಧಿಕಾರಿಗಳು ಇದಕ್ಕೆ ಸಮ್ಮತಿಸಿದವರಲ್ಲ ಎಂದಿತು. ವಸೂಲಿಯ ಗುರಿ ಹಾಕಿದವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಕಾರ್ಲ್ ಮಾರ್ಕ್ಸ್ 1857ರಲ್ಲಿ ಇದೇ ವರದಿಯನ್ನು ಎತ್ತಿಕೊಂಡು ಈಸ್ಟ್ ಇಂಡಿಯಾ ಕಂಪನಿಯನ್ನು ಜಾಲಾಡಿದರು. ವರದಿಯಿಂದ ಏನೂ ಆಗಲಿಲ್ಲವೆಂದಲ್ಲ. ಮದ್ರಾಸಿನಲ್ಲಿ ಪೊಲೀಸು ಮತ್ತು ಕಂದಾಯ 1859ರಲ್ಲಿ ಬೇರೆಯಾದವು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬ ನಿಯಮ 1861ರಲ್ಲಿ ಬಂದು, 1872ರ ಸಾಕ್ಷ್ಯ ಅಧಿನಿಯಮಕ್ಕೂ ಸೇರಿತು.

ತಲೆಯನ್ನೂ ಹಿಡಿಯಬಹುದು ಎಂದು ಮೊದಲು ದೊಡ್ಡದಾಗಿ ಸಾರಿದ್ದು ನ್ಯೂರೆಂಬರ್ಗ್. ಅಲ್ಲಿ 1947ರಲ್ಲಿ ನಾಜಿ ನ್ಯಾಯಾಧೀಶರು ಮತ್ತು ಕಾನೂನು ಇಲಾಖೆಯ ಅಧಿಕಾರಿಗಳ ಮೇಲೆಯೇ ಪ್ರತ್ಯೇಕ ಮೊಕದ್ದಮೆ ನಡೆದು ಹತ್ತು ಮಂದಿ ಅಪರಾಧಿಗಳಾದರು. ಅದನ್ನು ನಡೆಸಿದ್ದು ಅಮೆರಿಕದ ನ್ಯಾಯಾಧೀಶರು ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಡಬೇಕು. 1984ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಚಿತ್ರಹಿಂಸೆಯ ವಿರುದ್ಧದ ಒಡಂಬಡಿಕೆಯನ್ನು ಅಂಗೀಕರಿಸಿತು. ಯುದ್ಧ, ತುರ್ತು ಪರಿಸ್ಥಿತಿ ಯಾವುದೂ ಚಿತ್ರಹಿಂಸೆಗೆ ನೆಪವಾಗದು. ಮೇಲಿನವರ ಆದೇಶವೂ ನೆಪವಾಗದು. ಆರೋಪಿ ತನ್ನ ನೆಲದಲ್ಲಿದ್ದರೆ ಆ ದೇಶ ಅವನನ್ನು ವಿಚಾರಣೆಗೆ ಒಪ್ಪಿಸಬೇಕು, ಇಲ್ಲವೇ ಕೇಳಿದ ದೇಶಕ್ಕೆ ಕೊಡಬೇಕು ಎಂಬುದು ಅದರ ತಿರುಳು.

ಈ ಒಡಂಬಡಿಕೆಗೆ ಹಲ್ಲಿದೆ ಎಂದು ತೋರಿಸಿದ್ದು ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆ ಪ್ರಕರಣ. ಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದ ಅವರನ್ನು ಸ್ಪೇನಿನ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಅವರ ವಾರಂಟಿನ ಮೇಲೆ 1998ರ ಅಕ್ಟೋಬರ್ 16ರಂದು ಬಂಧಿಸಲಾಯಿತು. ಮಾಜಿ ರಾಷ್ಟ್ರಾಧ್ಯಕ್ಷ ಎಂಬ ರಕ್ಷಣೆ ಚಿತ್ರಹಿಂಸೆಯ ಆರೋಪಕ್ಕೆ ಅನ್ವಯಿಸದು ಎಂದು ಲಾರ್ಡ್ಸ್ ಸಭೆಯ ನ್ಯಾಯಪೀಠ 1999ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಆದರೂ ಆರೋಗ್ಯದ ಕಾರಣ ಕೊಟ್ಟು ಬ್ರಿಟಿಷ್ ಸರ್ಕಾರ ಅವರನ್ನು ಮರು ವರ್ಷ ಬಿಟ್ಟು ಕಳಿಸಿತು. ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿದವರು ಸ್ಯಾಂಟಿಯಾಗೊದಲ್ಲಿ ಇಳಿದು ಎದ್ದು ನಡೆದರು. 2006ರಲ್ಲಿ ಸತ್ತಾಗ ಅವರ ಮೇಲೆ ಒಂದು ಶಿಕ್ಷೆಯೂ ಇರಲಿಲ್ಲ.

ಅಮೆರಿಕದ ವಿಷಯಕ್ಕೆ ಬರೋಣ. ಈ ಚರಿತ್ರೆಯಲ್ಲಿ ಕಾಗದಪತ್ರ ಇಷ್ಟು ದಟ್ಟವಾಗಿರುವ ಪ್ರಕರಣ ಮತ್ತೊಂದಿಲ್ಲ. ಭಯೋತ್ಪಾದನೆಯ ಶಂಕಿತ ಅಬು ಜುಬೈದಾ ಎಂಬಾತ 2002ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಫೈಸಲಾಬಾದಿನಲ್ಲಿ ಸೆರೆಸಿಕ್ಕ. ಅವನ ಮೇಲೆ ಪ್ರಯೋಗಿಸಬೇಕೆಂದಿದ್ದ ವಿಧಾನಗಳ ಬಗ್ಗೆ ಸಿಐಎ ವಕೀಲರು ಆ ಜುಲೈನಲ್ಲಿ ಒಂದು ಕರಡು ಪತ್ರ ಸಿದ್ಧಪಡಿಸಿದರು: ಮುಂದೆ ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲ ಎಂದು ಅಟಾರ್ನಿ ಜನರಲ್ ಈಗಲೇ ಭರವಸೆ ಕೊಡಬೇಕು. ನಮ್ಮ ಕೋರ್ಟುಗಳ ನಿರೀಕ್ಷಣಾ ಜಾಮೀನಿಗಿಂತ ಇದು ಒಂದು ಹೆಜ್ಜೆ ಮುಂದೆ. ಜಾಮೀನು ಕೇಳುವವನು ವಿಚಾರಣೆಯನ್ನೇ ಬೇಡವೆನ್ನುವುದಿಲ್ಲ. ನ್ಯಾಯ ಇಲಾಖೆಯ ಅಪರಾಧ ವಿಭಾಗ ಅಂಥ ಮುಚ್ಚಳಿಕೆ ಕೊಡಲು ಒಪ್ಪಲಿಲ್ಲ. ಬದಲಿಗೆ ಆಗಸ್ಟ್ 1ರಂದು ಅದೇ ಇಲಾಖೆಯ ಕಾನೂನು ಸಲಹಾ ಕಚೇರಿಯಿಂದ ಅಭಿಪ್ರಾಯಪತ್ರಗಳು ಹೊರಟವು. ಬರೆದವರಲ್ಲಿ ಮುಖ್ಯರು ಜಾನ್ ಯೂ, ಸಹಿ ಜೇ ಬೈಬಿ. ಅಂಗಾಂಗ ವೈಫಲ್ಯವೋ ಸಾವೋ ತರುವಷ್ಟು ತೀವ್ರವಾದ ನೋವಾದರೆ ಮಾತ್ರ ಅದು ಚಿತ್ರಹಿಂಸೆ ಎಂದು ಒಂದು ಪತ್ರ ವ್ಯಾಖ್ಯಾನಿಸಿತು. ಇನ್ನೊಂದು ಪತ್ರ ಹತ್ತು ವಿಧಾನಗಳಿಗೆ ಒಪ್ಪಿಗೆ ಕೊಟ್ಟಿತು. ಹಲಗೆಗೆ ಕಟ್ಟಿ ಮುಖಕ್ಕೆ ಬಟ್ಟೆ ಹೊದಿಸಿ ನೀರು ಸುರಿಯುವ ವಾಟರ್‌ಬೋರ್ಡಿಂಗ್ ಅದರಲ್ಲೊಂದು. ಆ ಒಂದೇ ತಿಂಗಳಲ್ಲಿ ಜುಬೈದಾ ಮೇಲೆ ಕನಿಷ್ಠ 83 ಬಾರಿ ಅದು ನಡೆಯಿತು. ಮರುವರ್ಷದ ಮಾರ್ಚ್‌ನಲ್ಲಿ ಇನ್ನೊಬ್ಬ ಬಂದಿ ಖಾಲಿದ್ ಶೇಖ್ ಮೊಹಮ್ಮದ್ ಮೇಲೆ 183 ಬಾರಿ. ಅದೇ ಬಗೆಯ ಹಿಂಸೆಗಾಗಿ ಎರಡನೇ ಮಹಾಯುದ್ಧದ ನಂತರ ಜಪಾನೀ ಸೈನಿಕರಿಗೆ, 1983ರಲ್ಲಿ ಟೆಕ್ಸಾಸಿನ ಒಬ್ಬ ಶೆರಿಫ್‌ಗೆ ಅಮೆರಿಕದ ನ್ಯಾಯಾಲಯಗಳೇ ಜೈಲು ಶಿಕ್ಷೆ ಕೊಟ್ಟಿದ್ದವು.

ಇರಾಕಿನ ಅಬು ಗ್ರೈಬ್ ಸೆರೆಮನೆಯ ಹಿಂಸೆಯ ಚಿತ್ರಗಳು 2004ರ ಏಪ್ರಿಲ್‌ನಲ್ಲಿ ಹೊರಬಿದ್ದಾಗ ಕೋರ್ಟ್ ಮಾರ್ಷಲ್ ಆದದ್ದು ಕೆಳಹಂತದ ಸೈನಿಕರಿಗೆ. ಒಬ್ಬನಿಗೆ ಹತ್ತು ವರ್ಷ. ತನ್ನ ಬಂದಿಗಳ ವಿಚಾರಣೆಯ ದೃಶ್ಯಗಳಿದ್ದ 92 ವಿಡಿಯೊ ಟೇಪುಗಳನ್ನು ಸಿಐಎ 2005ರಲ್ಲಿ ನಾಶಮಾಡಿತು. ಜಿನೀವಾ ಒಪ್ಪಂದದ ಮೂರನೇ ವಿಧಿ ಈ ಬಂದಿಗಳಿಗೂ ಅನ್ವಯಿಸುತ್ತದೆ ಎಂದು 2006ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೂಡಲೇ ಕಾಂಗ್ರೆಸ್ ಯುದ್ಧಾಪರಾಧ ಕಾಯಿದೆಯನ್ನೇ ಹಿಂದಿನ ದಿನಾಂಕದಿಂದ ಜಾರಿಯಾಗುವಂತೆ ಸಡಿಲಿಸಿತು. ಇಷ್ಟಾದ ಮೇಲೆ ಅಧ್ಯಕ್ಷ ಬುಷ್ ಮುಚ್ಚಿಡಲು ಹೋಗಲಿಲ್ಲ. 2008ರಲ್ಲಿ ಟಿವಿ ಸಂದರ್ಶನದಲ್ಲಿ, 2010ರಲ್ಲಿ ಆತ್ಮಕಥನದಲ್ಲಿ ತಾವೇ ಒಪ್ಪಿಗೆ ಕೊಟ್ಟಿದ್ದಾಗಿ ಹೇಳಿಕೊಂಡರು. ರಮ್ಸ್‌ಫೆಲ್ಡ್ ಕಡತ ಯಾರಿಗಾಗಿ ಹೊರಟಿತ್ತೋ ಆ ಮೊಹಮ್ಮದ್ ಅಲ್-ಖಹ್ತಾನಿಯ ಮೇಲೆ ನಡೆದದ್ದು ಕಾನೂನಿನ ಅರ್ಥದಲ್ಲಿ ಚಿತ್ರಹಿಂಸೆಯೇ ಎಂದು ಸೇನಾ ಆಯೋಗಗಳ ಹೊಣೆ ಹೊತ್ತಿದ್ದ ಸೂಸನ್ ಕ್ರಾಫರ್ಡ್ 2009ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದರು. ಆ ಕಾರಣಕ್ಕೇ ಅವರು ಆತನ ವಿರುದ್ಧದ ಪ್ರಕರಣವನ್ನು ಮುಂದಕ್ಕೆ ಕಳಿಸಿರಲಿಲ್ಲ.

ಆ ಜನವರಿಯ ಎರಡು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜನವರಿ 9ರಂದು ಮಯಾಮಿಯ ನ್ಯಾಯಾಲಯ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಅವರ ಮಗನಿಗೆ ಲೈಬೀರಿಯಾದಲ್ಲಿ ಎಸಗಿದ ಚಿತ್ರಹಿಂಸೆಗಾಗಿ 97 ವರ್ಷ ಜೈಲು ವಿಧಿಸಿತು. ಹೊರದೇಶದಲ್ಲಿ ನಡೆದ ಚಿತ್ರಹಿಂಸೆಗೆಂದು 1994ರಲ್ಲಿ ಮಾಡಿದ ಅಮೆರಿಕದ ಕಾಯಿದೆಯಡಿ ಅದು ಮೊದಲ ಶಿಕ್ಷೆ. ಬೈಬಿ ಸಹಿಯ ಪತ್ರ ಅರ್ಥೈಸಲು ಹೊರಟಿದ್ದೂ ಅದೇ ಕಾಯಿದೆಯನ್ನು. ಎರಡು ದಿನ ಬಿಟ್ಟು, ಇನ್ನೂ ಪ್ರಮಾಣವಚನ ಸ್ವೀಕರಿಸದ ಒಬಾಮ ಟಿವಿಯಲ್ಲಿ, ಹಿಂದಕ್ಕಿಂತ ಮುಂದಕ್ಕೆ ನೋಡುವುದು ಮುಖ್ಯ ಎಂದರು. ಅಧಿಕಾರಕ್ಕೆ ಬಂದ ಮೇಲೆ ಅವರು ಈ ವಿಧಾನಗಳನ್ನು ನಿಷೇಧಿಸಿದರು, ಅಭಿಪ್ರಾಯಪತ್ರಗಳನ್ನು ಬಹಿರಂಗಪಡಿಸಿದರು. ಪ್ರಾಸಿಕ್ಯೂಟರ್ ಜಾನ್ ಡರ್‌ಹ್ಯಾಮ್ 101 ಬಂದಿಗಳ ಪ್ರಕರಣ ಪರಿಶೀಲಿಸಿ ಎರಡು ಸಾವುಗಳನ್ನಷ್ಟೇ ಪೂರ್ಣ ತನಿಖೆಗೆ ಎತ್ತಿಕೊಂಡರು; 2012ರ ಆಗಸ್ಟ್‌ನಲ್ಲಿ ಅವೂ ಆರೋಪಪಟ್ಟಿಯಿಲ್ಲದೆ ಮುಚ್ಚಿಹೋದವು. ಕಾನೂನು ಸಲಹೆಯ ಮಿತಿಯೊಳಗೆ ನಡೆದುಕೊಂಡವರನ್ನು ಮುಟ್ಟುವುದಿಲ್ಲ ಎಂಬ ಷರತ್ತು ತನಿಖೆಗೆ ಮೊದಲೇ ಇತ್ತು.

ಮೊಕದ್ದಮೆ ಬೇಡವೆಂದವರ ವಾದಗಳನ್ನು ತಳ್ಳಿಹಾಕುವುದು ಸುಲಭವಲ್ಲ. ಒಂದು ಸರ್ಕಾರ ತನ್ನ ಹಿಂದಿನ ಸರ್ಕಾರವನ್ನು ಜೈಲಿಗೆ ಕಳಿಸುವ ಚಾಳಿ ಬಿದ್ದರೆ ಯಾರೂ ಕುರ್ಚಿ ಬಿಟ್ಟು ಇಳಿಯುವುದಿಲ್ಲ ಎಂಬ ಭಯಕ್ಕೆ ಆಧಾರವಿದೆ. ವಕೀಲರ ಮಾತು ನಂಬಿ ನಡೆದ ಕೆಳಗಿನ ನೌಕರನ ಸಂಕಟವೂ ನಿಜ. ಆದರೆ ಈ ಎರಡನೆಯ ವಾದ ಮೇಲಿನವರಿಗೆ ಸಲ್ಲುವುದು ಹೇಗೆ? ಸಲಹೆ ಬರೆಸಿಕೊಂಡವರು ಅವರೇ. ತಪ್ಪಲ್ಲವೆಂದು ಮನಸಾರೆ ನಂಬಿದ್ದವರ ಕಚೇರಿಯಲ್ಲಿ ಜುಲೈ ತಿಂಗಳ ಆ ಕರಡು ಪತ್ರ ಹುಟ್ಟುತ್ತಿರಲಿಲ್ಲ. ಸೆನೆಟ್ ಸಮಿತಿ 2014ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯ ಸಾರಾಂಶದಂತೆ ಸಿಐಎ ಹಿಡಿದಿಟ್ಟಿದ್ದ 119 ಮಂದಿಯಲ್ಲಿ ಕನಿಷ್ಠ 26 ಮಂದಿ ಹಿಡಿಯಬೇಕಾದವರೇ ಅಲ್ಲ.

ಹಾಬ್ರೆ ಹೇಗೆ ಸಿಕ್ಕಿಬಿದ್ದರು? ಮೊದಲಿಗೆ, ಅವರ ಆಡಳಿತ ಬಿದ್ದುಹೋಗಿತ್ತು. ಕಾಗದ ಕಾಯುವವರು ಇರಲಿಲ್ಲ. 1990ರ ಡಿಸೆಂಬರ್‌ನಲ್ಲಿ ಅವರು ಸೆನೆಗಲ್‌ಗೆ ಓಡಿಹೋದರು. ಸೆರೆಯಿಂದ ಜೀವಸಹಿತ ಹೊರಬಂದ ಸುಲೈಮಾನ್ ಗೆಂಗೆಂಗ್ ಎಂಬ ಲೆಕ್ಕಿಗರು ಸಂತ್ರಸ್ತರ ಸಂಘ ಕಟ್ಟಿ ನೂರಾರು ಜನರ ಹೇಳಿಕೆ ಬರೆದುಕೊಂಡರು. ಹಳೆಯ ಅಧಿಕಾರಿಗಳು ಮತ್ತೆ ಹುದ್ದೆಗೆ ಬಂದಾಗ ಅದನ್ನೆಲ್ಲ ಮನೆಯಲ್ಲಿ ಬಚ್ಚಿಟ್ಟರು. 2001ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ರಾಜಧಾನಿ ಎನ್‌ಜಮೆನಾದಲ್ಲಿ ರಾಜಕೀಯ ಪೊಲೀಸರ ಪಾಳು ಕಚೇರಿಗೆ ಕಾಲಿಟ್ಟಾಗ ನೆಲದ ತುಂಬ ಕಡತಗಳು ಚೆಲ್ಲಿದ್ದವು. 12,321 ಸಂತ್ರಸ್ತರ ಹೆಸರು, ಸೆರೆಯಲ್ಲಿ ಸತ್ತ 1,208 ಮಂದಿಯ ವಿವರ ಅವುಗಳಲ್ಲಿ ಸಿಕ್ಕವು. ಈ ಪೊಲೀಸರು ಹಾಬ್ರೆಗೆ ನೇರವಾಗಿ ಕಳಿಸಿದ್ದ ವರದಿಗಳೇ 1,265.

ಕಾಗದ ಸಿಕ್ಕ ಮೇಲೂ ಹದಿನೈದು ವರ್ಷ ಹಿಡಿಯಿತು. ಒಡಂಬಡಿಕೆಗೆ ತಕ್ಕ ದೇಶೀ ಕಾನೂನಿಲ್ಲ ಎಂದು ಸೆನೆಗಲ್ ನ್ಯಾಯಾಲಯ ದೂರನ್ನು ಆ ಮೊದಲೇ ತಳ್ಳಿತ್ತು. ಸಂತ್ರಸ್ತರು ಬೆಲ್ಜಿಯಂಗೆ ಹೋಗಿದ್ದರು. ಅಲ್ಲಿ ಜಗತ್ತಿನ ಯಾವ ಮೂಲೆಯ ಯುದ್ಧಾಪರಾಧವನ್ನೂ ವಿಚಾರಿಸಬಲ್ಲ ಕಾನೂನಿತ್ತು. ಅದರಡಿ ಅಮೆರಿಕದ ನಾಯಕರ ಮೇಲೂ ದೂರು ಬಿದ್ದಾಗ, ನೇಟೊ ಕೇಂದ್ರ ಕಚೇರಿಯೇ ಬ್ರಸೆಲ್ಸ್‌ನಿಂದ ಎದ್ದುಹೋಗಬಹುದು ಎಂದು 2003ರ ಜೂನ್‌ನಲ್ಲಿ ಬೆದರಿಸಿದವರು ಇದೇ ರಮ್ಸ್‌ಫೆಲ್ಡ್. ಎರಡೇ ತಿಂಗಳಲ್ಲಿ ಬೆಲ್ಜಿಯಂ ಕಾನೂನನ್ನು ಮೊಟಕುಗೊಳಿಸಿತು. ಆಗಲೇ ತನಿಖೆ ಶುರುವಾಗಿದ್ದರಿಂದ ಹಾಬ್ರೆ ಪ್ರಕರಣ ಉಳಿದುಕೊಂಡಿತು. ಕೊನೆಗೆ 2012ರ ಜುಲೈ 20ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಸೆನೆಗಲ್‌ಗೆ ಕಟ್ಟಪ್ಪಣೆ ಕೊಟ್ಟಿತು: ವಿಚಾರಿಸು, ಇಲ್ಲವೇ ಒಪ್ಪಿಸು. ಸೆನೆಗಲ್ ಆಫ್ರಿಕನ್ ಒಕ್ಕೂಟದ ಜೊತೆಗೂಡಿ ತನ್ನ ರಾಜಧಾನಿ ಡಾಕರ್‌ನಲ್ಲಿ ವಿಶೇಷ ನ್ಯಾಯಾಲಯ ತೆರೆಯಿತು. ಮುಂಡಾಸು, ಕಪ್ಪು ಕನ್ನಡಕ ಹಾಕಿ ಕೂತ ಹಾಬ್ರೆ ಇಡೀ ವಿಚಾರಣೆಯಲ್ಲಿ ಪ್ರಶ್ನೆಗಳಿಗೆ ಬಾಯಿ ಬಿಡಲಿಲ್ಲ. ರೆಡ್‌ಕ್ರಾಸ್ ಪತ್ರದ ಮೇಲಿನ ಅಕ್ಷರ ಅವರದೇ ಎಂದು ಹಸ್ತಾಕ್ಷರ ತಜ್ಞರು ಹೇಳಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. ಆ ನ್ಯಾಯಾಲಯಕ್ಕೆ ಹಣ ಕೊಟ್ಟವರಲ್ಲಿ, ಒಂದು ಕಾಲಕ್ಕೆ ಹಾಬ್ರೆಗೆ ಬೆನ್ನೆಲುಬಾಗಿದ್ದ ಅಮೆರಿಕವೂ ಇತ್ತು.

ಭಾರತದ ಮಟ್ಟಿಗೆ ಇದು ಪರದೇಶದ ಸುದ್ದಿಯಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ತಲೆಮರೆಸಿಕೊಂಡಿದ್ದ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದೊಯ್ದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ತಮ್ಮನ್ನು ಹೊಡೆದು ಜರ್ಜರಿತಗೊಳಿಸಿದ್ದನ್ನು ಅವರು ಮುಂದೆ ಹೇಳಿಕೊಂಡರು. ಅದೇ ವರ್ಷ ಕೇರಳದಲ್ಲಿ ರಾಜನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಪೊಲೀಸ್ ಶಿಬಿರದಿಂದ ಮರಳಲೇ ಇಲ್ಲ. ಆಗ ಗೃಹಮಂತ್ರಿಯಾಗಿದ್ದ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಪದವಿ ಬಿಡಬೇಕಾಗಿ ಬಂತು. ಆದರೆ ಹೈಕೋರ್ಟಿಗೆ ಕೊಟ್ಟ ಸುಳ್ಳು ಪ್ರಮಾಣಪತ್ರದ ಕಾರಣಕ್ಕೆ, ಹಿಂಸೆಯ ಕಾರಣಕ್ಕಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿಗಳ ಬೆನ್ನಿಗೆ 1979ರಲ್ಲಿ ವಿಶೇಷ ನ್ಯಾಯಾಲಯಗಳ ಕಾಯಿದೆ ಬಂತಾದರೂ, 1980ರ ಚುನಾವಣೆಯೊಂದಿಗೆ ಅದರ ಉಸಿರು ನಿಂತಿತು. ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಸ್ಥಿರೀಕರಿಸಿಲ್ಲ. ಲೋಕಸಭೆ 2010ರಲ್ಲಿ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ಬಿದ್ದುಹೋಯಿತು. ಕರ್ತವ್ಯದ ಹೆಸರಿನಲ್ಲಿ ಎಸಗಿದ ಅಪರಾಧಕ್ಕೆ ಮೊಕದ್ದಮೆ ಹೂಡಲು ಸರ್ಕಾರದ್ದೇ ಪೂರ್ವಾನುಮತಿ ಬೇಕೆಂಬ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಸೆಕ್ಷನ್ ಈಗ ಹೊಸ ಸಂಹಿತೆಯ 218ನೇ ಸೆಕ್ಷನ್ ಆಗಿ ಮುಂದುವರಿದಿದೆ.

ವಾಷಿಂಗ್ಟನ್ನಿನಲ್ಲಿ ಮುಚ್ಚಿದ ಪ್ರಶ್ನೆ ಗ್ವಾಂಟನಾಮೊದಲ್ಲಿ ಬೇರೆ ಬಾಗಿಲಿನಿಂದ ಒಳಬಂದಿದೆ. ಅಲ್-ಖಹ್ತಾನಿ ವಿಚಾರಣೆಯಿಲ್ಲದೆಯೇ 2022ರಲ್ಲಿ ಸೌದಿ ಅರೇಬಿಯಾಕ್ಕೆ ಮರಳಿದರು. 2000ದ ಅಕ್ಟೋಬರ್‌ನಲ್ಲಿ ಏಡನ್ ಬಂದರಿನಲ್ಲಿ 17 ಅಮೆರಿಕನ್ ನಾವಿಕರು ಸತ್ತ ಯುಎಸ್‌ಎಸ್ ಕೋಲ್ ದಾಳಿಯ ಆರೋಪಿ ಅಬ್ದ್ ಅಲ್-ರಹೀಮ್ ಅಲ್-ನಾಶಿರಿ ಮೇಲೂ ವಾಟರ್‌ಬೋರ್ಡಿಂಗ್ ನಡೆದಿತ್ತು. 2007ರಲ್ಲಿ ಎಫ್‌ಬಿಐ ತನಿಖಾಧಿಕಾರಿಗಳ ಮುಂದೆ ಆತ ಕೊಟ್ಟ ತಪ್ಪೊಪ್ಪಿಗೆ ಹಿಂದಿನ ಚಿತ್ರಹಿಂಸೆಯ ಫಲವೇ ಎಂದು ತೀರ್ಮಾನಿಸಿ ಸೇನಾ ನ್ಯಾಯಾಧೀಶರು 2023ರ ಆಗಸ್ಟ್‌ನಲ್ಲಿ ಅದನ್ನು ಸಾಕ್ಷ್ಯದಿಂದ ಹೊರಹಾಕಿದರು. ಪ್ರಾಸಿಕ್ಯೂಷನ್ ನೆಚ್ಚಿಕೊಂಡಿದ್ದ ಮುಖ್ಯ ಸಾಕ್ಷ್ಯಗಳಲ್ಲಿ ಅದೊಂದಾಗಿತ್ತು. ನಾವಿಕರು ಸತ್ತು ಆಗಲೇ ಇಪ್ಪತ್ತಮೂರು ವರ್ಷ ಆಗುತ್ತ ಬಂದಿದ್ದರೂ ಮೊಕದ್ದಮೆ ವಿಚಾರಣಾಪೂರ್ವ ಹಂತವನ್ನೇ ದಾಟಿರಲಿಲ್ಲ.