ರಿಜಿಸ್ಟರಿನೊಳಗಿರುವ ಕಾಲೇಜು

ಕಾಲೇಜಿನ ಚರಿತ್ರೆ ಬರೆಯಲು ಹೊರಟವರು ಶಂಕುಸ್ಥಾಪನೆಯ ಕಲ್ಲು ಹುಡುಕುತ್ತಾರೆ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತಿರುವುತ್ತಾರೆ, ಗೋಡೆಯ ಮೇಲಿನ ಪ್ರಾಂಶುಪಾಲರ ಫೋಟೊಗಳನ್ನು ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಲೈಬ್ರರಿಯ ಅಕ್ಸೆಷನ್ ರಿಜಿಸ್ಟರ್ ಕೊಡಿ ಎಂದು ಕೇಳಿಕೊಂಡು ಬಂದವರನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದು ನಿವೃತ್ತಳಾದವಳು ನಾನು. ಯಾವ ಕಾಲಕ್ಕೆ ಯಾವ ಸುದ್ದಿ ನಮ್ಮ ಊರಿನ ಮಕ್ಕಳವರೆಗೆ ಬಂತು ಎಂಬುದಕ್ಕೆ ಆ ದಪ್ಪ ರಟ್ಟಿನ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಲೈಬ್ರರಿಗೆ ಯಾವ ಪುಸ್ತಕ ಬಂದರೂ ಮೊದಲು ಅದಕ್ಕೊಂದು ನಂಬರು ಬೀಳಬೇಕು. ಬಂದ ತಾರೀಖು, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಬಿಲ್ ನಂಬರು, ಎಲ್ಲವೂ ಒಂದೇ ಸಾಲಿನಲ್ಲಿ. ಒಮ್ಮೆ ಕೊಟ್ಟ ನಂಬರನ್ನು ಇನ್ನೊಂದು ಪುಸ್ತಕಕ್ಕೆ ಕೊಡುವಂತಿಲ್ಲ. ಕೊನೆಗೆ ಷರಾ ಎಂಬ ಕಾಲಂ. ನನಗೆ ಬಹಳ ಇಷ್ಟವಾದದ್ದು ಅದೇ. ಗೆದ್ದಲು ತಿಂದದ್ದು, ಬೈಂಡಿಂಗಿಗೆ ಹೋಗಿ ಬಂದದ್ದು, ಕಳೆದುಕೊಂಡ ಹುಡುಗ ದುಡ್ಡು ಕಟ್ಟಿದ್ದು, ಬೇಸಿಗೆ ರಜೆಯ ಸ್ಟಾಕ್ ವೆರಿಫಿಕೇಷನ್ನಿನಲ್ಲಿ ಸಿಗದೆ ಹೋದದ್ದು, ಎಲ್ಲಕ್ಕೂ ಅಲ್ಲೊಂದು ಮಾತು, ಪಕ್ಕದಲ್ಲಿ ಚಿಕ್ಕ ಸಹಿ.

ರಿಜಿಸ್ಟರನ್ನು ಸಾವಧಾನವಾಗಿ ಓದಿದರೆ ದೇಶ ವಿದೇಶಗಳ ಸಂಗತಿಯೂ ತಾನಾಗಿ ಕಾಣುತ್ತದೆ. ನಮ್ಮಲ್ಲಿ ಮಾಸ್ಕೋದ ಮೀರ್ ಮತ್ತು ಪ್ರೋಗ್ರೆಸ್ ಪ್ರಕಾಶನಗಳ ಪುಸ್ತಕಗಳು ಸಾಲುಸಾಲಾಗಿ ಬರುತ್ತಿದ್ದವು. ಗಣಿತ, ಭೌತಶಾಸ್ತ್ರ, ಗಟ್ಟಿ ರಟ್ಟು, ತೀರಾ ಕಡಿಮೆ ಬೆಲೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಬಿಎಸ್ಸಿ ಹುಡುಗರಿಗೆ ಅವು ದೊಡ್ಡ ಆಸರೆ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿತ್ತು, ರಿಜಿಸ್ಟರಿನಲ್ಲಿ ಆ ಸಾಲುಗಳೂ ನಿಂತುಹೋದವು. ಇನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. ಅದರ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಹಾಗಾಗಿ ಒಂದೇ ಕಪಾಟಿನಲ್ಲಿ ಜೊತೆಯಾಗಿ ನಿಂತ ಸಂಪುಟಗಳು ರಿಜಿಸ್ಟರಿನಲ್ಲಿ ಚದುರಿಹೋಗಿವೆ, ಒಂದೊಂದು ಒಬ್ಬೊಬ್ಬರ ಕೈಬರಹದಲ್ಲಿ, ಬೇರೆ ಬೇರೆ ಬೆಲೆಯಲ್ಲಿ. ಕನ್ನಡಕ್ಕೆ ಇಷ್ಟು ವರ್ಷ ದುಡಿದವರ ತಾಳ್ಮೆ ಎಂಥದ್ದೆಂದು ನನಗೆ ತಿಳಿದದ್ದು ಆ ನಂಬರುಗಳ ನಡುವಿನ ಅಂತರ ನೋಡಿದಾಗ. 'ದಾನ' ಎಂದು ಬರೆದ ಸಾಲುಗಳದು ಇನ್ನೊಂದು ಕಥೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಹೊರಡಿಸಿದ 'ಪ್ರಬುದ್ಧ ಕರ್ನಾಟಕ'ದ ಹಳೆಯ ಸಂಚಿಕೆಗಳು ನಮ್ಮಲ್ಲಿಗೆ ಬಂದದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆಯಿಂದ. ಕಾಲೇಜಿನ ದುಡ್ಡಿನಿಂದ ಅಂಥವನ್ನು ನಾವು ಕೊಳ್ಳಲು ಆಗುತ್ತಿರಲಿಲ್ಲ.

ನಂಬರು ಬಿದ್ದ ಮೇಲೆ ವರ್ಗೀಕರಣ. ನಾವು ಅನುಸರಿಸುತ್ತಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ ಹತ್ತು ಮನೆ. ಕನ್ನಡ ಸಾಹಿತ್ಯಕ್ಕೆ ಜಾಗ ಸಿಕ್ಕಿದ್ದು 'ಇತರ ಸಾಹಿತ್ಯಗಳು' ಎಂಬ 890ರ ಮೂಲೆಯಲ್ಲಿ, 894.814 ಎಂದು. ಪಂಪನಿಂದ ದೇವನೂರರವರೆಗೆ ಎಲ್ಲರ ಬೆನ್ನಿಗೂ ಇದೇ ಆರು ಅಂಕಿ ಬರೆದು ಅಂಟಿಸಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗಿದೆ. ಕನ್ನಡ ಪುಸ್ತಕಗಳೇ ಹೆಚ್ಚಾಗಿರುವ ಲೈಬ್ರರಿಗೆ ಇದು ಒಗ್ಗುವ ಲೆಕ್ಕವಲ್ಲ. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ವಿಶ್ವವಿದ್ಯಾನಿಲಯದ ಲೈಬ್ರೇರಿಯನ್ ಆದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ರೂಪಿಸಿ ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅಂಥವರಿದ್ದ ನಾಡಿನಲ್ಲಿ ನಾವು ಡ್ಯೂಯಿಯನ್ನೇ ಹಿಡಿದು ಕೂತೆವು. ಓದುಗರು ಕಪಾಟಿನವರೆಗೆ ತಾವೇ ಹೋಗಿ ಆರಿಸಿಕೊಳ್ಳಬೇಕೆಂದು ವಾದಿಸಿದವರೂ ರಂಗನಾಥನ್ ಅವರೇ. ನಮ್ಮ ಲೈಬ್ರರಿಯಲ್ಲಿ ಕೌಂಟರಿನ ತಂತಿಜಾಲರಿ ಹೋಗಿ ಮಕ್ಕಳು ಒಳಗೆ ಕಾಲಿಟ್ಟದ್ದು ಎಷ್ಟೋ ವರ್ಷ ತಡವಾಗಿ.

ಆಮೇಲೆ ಕಾರ್ಡು. ಐದು ಇಂಚು ಅಗಲ, ಮೂರು ಇಂಚು ಎತ್ತರ, ಕೆಳಗೆ ಸರಳು ತೂರಲು ತೂತು. ಲೇಖಕರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು. ಕುವೆಂಪು ಅವರ ಪುಸ್ತಕ 'ಪುಟ್ಟಪ್ಪ, ಕೆ.ವಿ.' ಎಂಬಲ್ಲಿ ಇರುತ್ತಿತ್ತು. 'ಕ' ಡ್ರಾಯರ್ ಎಳೆದವರಿಗೆ ದಾರಿ ತಪ್ಪದಿರಲೆಂದು 'ಕುವೆಂಪು: ನೋಡಿ ಪುಟ್ಟಪ್ಪ' ಎಂದು ಇನ್ನೊಂದು ಕಾರ್ಡು ಬರೆಯಬೇಕಿತ್ತು. ನಮ್ಮ ಅಟೆಂಡರು ಗುಂಡಗಿನ ಅಕ್ಷರದಲ್ಲಿ ಅಂಥ ಕಾರ್ಡುಗಳನ್ನು ಬರೆದು ತುಂಬಿಟ್ಟಿದ್ದರು. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಇಲ್ಲ.

ಕಂಪ್ಯೂಟರ್ ಬಂದದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಮೊದಲು ಬಳಕೆಗೆ ಬಂದ ಕೋಹಾ ಎಂಬ ಲೈಬ್ರರಿ ತಂತ್ರಾಂಶ ಯಾರಿಗೂ ಉಚಿತ. ಲೈಬ್ರರಿಗಳಿಗಾಗಿ ಕಾರ್ಡು ಮುದ್ರಿಸಿ ಕೊಡುತ್ತಿದ್ದ ಅಮೆರಿಕದ ಒಸಿಎಲ್‌ಸಿ ಸಂಸ್ಥೆಯೂ 2015ರ ಅಕ್ಟೋಬರಿನಲ್ಲಿ ಆ ಕೆಲಸ ನಿಲ್ಲಿಸಿತು. ಆದರೆ ದತ್ತಾಂಶ ತುಂಬಿಸುವಾಗ ಅನೇಕ ಕಡೆ ಲೇಖಕ, ಶೀರ್ಷಿಕೆ, ನಂಬರು ಇಷ್ಟನ್ನೇ ಏರಿಸಿದರು. ದಾನ ಕೊಟ್ಟವರ ಹೆಸರು ಬಿಟ್ಟುಹೋಯಿತು, ಷರಾ ಬಿಟ್ಟುಹೋಯಿತು. ಕಪಾಟಿನಿಂದ ತೆಗೆದುಹಾಕಿದ ಪುಸ್ತಕಗಳಂತೂ ಕಂಪ್ಯೂಟರಿಗೆ ಏರಲೇ ಇಲ್ಲ. ನಾನು ಬಲ್ಲ ಒಂದು ಕಾಲೇಜಿನಲ್ಲಿ ಜಾಗ ಸಾಲದೆಂದು ಹಳೆಯ ರಿಜಿಸ್ಟರುಗಳನ್ನು ಕಾರ್ಡುಗಳ ಜೊತೆಯಲ್ಲಿ ತೂಕಕ್ಕೆ ಹಾಕಿದರು. ಆ ಊರಿನ ಮೂರು ತಲೆಮಾರು ಓದಿದ್ದರ ಲೆಕ್ಕ ಅಲ್ಲಿಗೆ ಅಳಿಸಿಹೋಯಿತು.

ಈಗ ಕೆಲಸದಲ್ಲಿರುವ ಲೈಬ್ರೇರಿಯನ್ನರಲ್ಲಿ, ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ. ಕಾರ್ಡು ಕಪಾಟು ಇಟ್ಟುಕೊಳ್ಳಲು ಆಗದಿದ್ದರೆ ಬೇಡ. ಅಕ್ಸೆಷನ್ ರಿಜಿಸ್ಟರನ್ನು ಮಾತ್ರ ಮೊದಲ ನಂಬರಿನಿಂದ ಇಟ್ಟುಕೊಳ್ಳಿ, ಹರಿದ ಹಾಳೆಗೆ ಬೈಂಡಿಂಗ್ ಮಾಡಿಸಿ, ಒಂದೊಂದು ಪುಟವನ್ನೂ ಷರಾ ಕಾಲಂ ಸಮೇತ ಸ್ಕ್ಯಾನ್ ಮಾಡಿಸಿ. ಬಿಎ ಇತಿಹಾಸದ ನಾಲ್ಕು ಮಕ್ಕಳನ್ನು ಕೂರಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ ಅದು.