ರಂಪಣಿ ಕಾದ ನೀರು

ಮಲ್ಪೆ ಕಡೆಯ ಹಳಬರು ದಡದಿಂದ ಎಳೆಯುವ ರಂಪಣಿ ಬಲೆಯ ಮಾತೆತ್ತಿದರೆ ಮೊದಲು ಬಲೆಯ ಉದ್ದ ಹೇಳುತ್ತಾರೆ, ಆಮೇಲೆ ಎಳೆದ ಜನರ ಲೆಕ್ಕ. ಆ ಬಲೆ ಯಾತಕ್ಕೆ ಕಾದು ಕೂತಿತ್ತು ಎಂಬುದು ನನಗೆ ಅದಕ್ಕಿಂತ ಮುಖ್ಯ. ಬೆಂಗಳೂರಿನ ದೊಡ್ಡನೆಕ್ಕುಂದಿಯ ಮನೆಯಲ್ಲಿ ಬಂಗುಡೆ ಶುಚಿ ಮಾಡುವಾಗ ಕಿವಿರು ಬಿಡಿಸಿ ನೋಡುತ್ತೇನೆ. ಒಳಗೆ ಹಕ್ಕಿಗರಿಯಂಥ ಉದ್ದನೆಯ ಎಳೆಗಳು. ಬಾಯಿ ತೆರೆದು ಈಜುವ ಬಂಗುಡೆ ಅವುಗಳಲ್ಲೇ ನೀರು ಸೋಸಿ, ಒಂದೆರಡು ಮಿಲಿಮೀಟರಿನ ಕೊಪೆಪಾಡ್ ಎಂಬ ಜೀವಿಗಳನ್ನು ತಿನ್ನುತ್ತದೆ.

ಇಂಥ ಪ್ರಾಣಿಪ್ಲವಕಗಳಿಗೆ ಹರಿವಿನೆದುರು ಈಜುವ ಬಲವಿಲ್ಲ. ನೀರು ಒಯ್ದಲ್ಲಿ ಅವುಗಳ ಬಾಳು. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ತೆಂಕಕ್ಕೆ ಹರಿಯುತ್ತದೆ. ಮೇಲಿನ ನೀರು ದಡ ಬಿಟ್ಟು ಸರಿದಂತೆ ಅಡಿಯ ತಣ್ಣೀರು ಪೋಷಕಾಂಶ ಹೊತ್ತು ಏಳುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗುತ್ತದೆ, ಅದನ್ನು ಮೇಯುವ ಕೊಪೆಪಾಡ್ ಹೆಚ್ಚುತ್ತದೆ, ಬೆನ್ನಿಗೇ ಬಂಗುಡೆ ಬರುತ್ತದೆ. ನವೆಂಬರ್ ಹೊತ್ತಿಗೆ ಹರಿವು ಬಡಗಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರನ್ನು ಇತ್ತ ತರುತ್ತದೆ. ಪ್ಲವಕಗಳ ಬಳಗವೂ ಬದಲಾಗುತ್ತದೆ.

ರಂಪಣಿಯ ಸುಗ್ಗಿ ಮಳೆ ಇಳಿದ ಮೇಲಿನ ಈ ಕೆಲವೇ ತಿಂಗಳು. ಅಜ್ಜನ ಕಾಲದಲ್ಲಿ ಮನೆಮನೆಯ ಬಲೆತುಂಡು ಜೋಡಿಸಿ ಫಂಡು ಎಂಬ ಕೂಟ ಕಟ್ಟುತ್ತಿದ್ದರು. ದಡದ ಕಣ್ಣಿಗೆ ನೀರು ಕೆಂಪಾಗಿ ಕಂಡರೆ ಅಡಿಯಲ್ಲಿ ಬಂಗುಡೆಯ ಹಿಂಡಿದೆ ಎಂದರ್ಥ. ದೋಣಿ ಅರೆಸುತ್ತು ಹಾಕಿ ಬಲೆ ಬಿಟ್ಟು ಬರುತ್ತಿತ್ತು. ಎರಡೂ ತುದಿಯ ಹಗ್ಗಕ್ಕೆ ಊರೇ ಕೈಹಚ್ಚುತ್ತಿತ್ತು. ಮೀನು ಅತಿಯಾಗಿ ಬಿದ್ದರೆ ಬಲೆಯನ್ನು ನೀರಲ್ಲೇ ನಿಲ್ಲಿಸಿ, ದಿನಗಟ್ಟಲೆ ಬೇಕಾದಷ್ಟೇ ತೆಗೆಯುತ್ತಿದ್ದರು. ಹಿಂಡೇ ಬಾರದ ವರ್ಷ ಸಾಲ.

ಮೀನಿಗೂ ಪ್ಲವಕಕ್ಕೂ ಇರುವ ನಂಟನ್ನು ಹಿಡಿಯಹೊರಟ ಮೊದಲಿಗರಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಒಬ್ಬರು. 1923ರಲ್ಲಿ ಅವರು ರಾಮಸ್ವಾಮಿ ನಾಯುಡು ಜೊತೆ ಬೂತಾಯಿ ಮೀನಿನ ಜೀವನವನ್ನೂ ಮಲಬಾರ್ ಕಡಲಿನ ಪ್ಲವಕಗಳನ್ನೂ ಒಂದೇ ಬರಹದಲ್ಲಿ ಸೇರಿಸಿದರು. 1960ರ ದಶಕದಲ್ಲಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಹಡಗುಗಳು 200 ಮೀಟರ್ ಆಳದಿಂದ ಸಣ್ಣಕಣ್ಣಿನ ಬಲೆ ಎಳೆದು ಪ್ಲವಕ ಕೂಡಿಹಾಕಿದವು. ಅವನ್ನು ವಿಂಗಡಿಸಲು 1962ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ತೆರೆಯಿತು. ಅದೇ ವರ್ಷಗಳಲ್ಲಿ ಮಲ್ಪೆಯ ದಡದಲ್ಲಿ ರಂಪಣಿಯ ಹಗ್ಗ ಎಳೆಯುತ್ತಿದ್ದವರಿಗೂ ಆ ವಿಜ್ಞಾನಿಗಳಿಗೂ ಪ್ರಶ್ನೆ ಒಂದೇ: ಈ ವರ್ಷ ನೀರು ಏನು ತಂದಿದೆ?

1970ರ ದಶಕದ ನಡುವಿಗೆ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ನಡುನೀರಲ್ಲಿ ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಈಗ ಮಲ್ಪೆಯಲ್ಲಿ ಅದರ ಚಿಕ್ಕ ರೂಪವಾದ ಕೈರಂಪಣಿ ಉಳಿದಿದೆ. ಜೂನ್, ಜುಲೈಯ ನಿಷೇಧ ಮುಗಿಸಿ ಇಳಿಯುವ ಯಂತ್ರದ ಬೋಟುಗಳೂ ಬಂಗುಡೆ ಹುಡುಕುವುದು ಮಳೆಗಾಲದಲ್ಲಿ ಮೇಲೆದ್ದ ತಣ್ಣೀರು ಬೆಳೆಸಿದ ಮೇವಿನ ಬೆನ್ನುಹತ್ತಿಯೇ.