ಸೋರುವುದು ಹೌಸಿಂಗು, ಬೈಸಿಕೊಳ್ಳುವುದು ಸೀಲು

ಎತ್ತಿನ ಗಾಡಿಯ ಅಚ್ಚಿನಲ್ಲಿ ಎಣ್ಣೆ ನಿಲ್ಲಬೇಕೆಂದು ಯಾರೂ ಆಸೆಪಟ್ಟವರಲ್ಲ. ಗಾಡಿಯ ಅಡಿಯಲ್ಲಿ ಬಿದಿರಿನ ಗೊಟ್ಟದ ತುಂಬ ಹರಳೆಣ್ಣೆ ನೇತಾಡುತ್ತಿತ್ತು. ಗಾಲಿ ಕಿರುಗುಟ್ಟಿತೋ, ಕಡಾಣಿ ಕಿತ್ತು, ಗಾಲಿ ಸರಿಸಿ, ಕೀಲೆಣ್ಣೆ ಸವರಿ ಮುಂದೆ ಹೊರಡುವುದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಕಡಲೆಕಾಯಿ ಹೇರಿದ ನಮ್ಮ ಹಿರಿಯೂರು ಸೀಮೆಯ ಗಾಡಿಗಳೆಲ್ಲ ಹೀಗೇ ನಡೆದವು. ಆ ಗಾಡಿ ಹೊಡೆದವರ ಮಕ್ಕಳೇ ಮುಂದೆ ಲಾರಿ ಹತ್ತಿದರು. ನಮ್ಮಪ್ಪನೂ ಅವರಲ್ಲೊಬ್ಬ. ಕ್ಲೀನರ್ ಆಗಿ ಹತ್ತಿ, ಮೇಸ್ತ್ರಿಯಾಗಿ ಇಳಿದು, ಹಳೇ ಹೈವೇ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿದ. ಲಾರಿ ಎಣ್ಣೆ ಕಾರುವುದು ಅವನಿಗೆ ಬಹಳ ಕಾಲ ರೋಗವಾಗಿಯೇ ಕಂಡಿರಲಿಲ್ಲ. ಸೋರಿದಷ್ಟು ಸುರಿ ಎನ್ನುತ್ತಿದ್ದ.

ಅವನ ತಪ್ಪೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಫೋರ್ಡ್, ಷೆವರ್ಲೆ ಲಾರಿಗಳು ದೇಶದ ತುಂಬ ಹರಡಿದ್ದವು. ಅಂಥ ಗಾಡಿಗಳಲ್ಲಿ ಎಣ್ಣೆ ಹಿಡಿದಿಡುವ ಕೆಲಸ ಹೆಚ್ಚಾಗಿ ಚರ್ಮ, ಫೆಲ್ಟು, ಕಾರ್ಕುಗಳದ್ದು. ಎಂಜಿನ್ನಿನ ಹಿಂಭಾಗದಲ್ಲಿ, ಕ್ರ್ಯಾಂಕ್ ಹೊರಬೀಳುವ ಕಡೆ, ಗ್ರಾಫೈಟ್ ಮೆತ್ತಿದ ಕಲ್ನಾರಿನ ಹುರಿ. ಹೊಸದಾಗಿದ್ದಾಗಲೇ ಅಷ್ಟಿಷ್ಟು ಒಸರುವ ಸರಕು ಇವೆಲ್ಲ.

ಚರ್ಮದ ಸೀಲು ಮಾಡಿದವರು ಚರ್ಮ ಹದ ಮಾಡುವವರೇ ಎಂಬುದು ನನಗೆ ಬಲು ಇಷ್ಟವಾದ ಸಂಗತಿ. ಜರ್ಮನಿಯ ವೈನ್‌ಹೈಮ್ ಊರಿನ ಫ್ರಾಯ್ಡನ್‌ಬರ್ಗ್ ಮನೆತನದ್ದು ಚರ್ಮದ ಕಾರ್ಖಾನೆ. 1929ರ ಆರ್ಥಿಕ ಕುಸಿತದ ಹೊತ್ತಿಗೆ ಅವರು ಚರ್ಮದ ಸೀಲಿನ ಕಡೆ ತಿರುಗಿದರು. ಅಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರ್ ರೂಪಿಸಿದ ಉಂಗುರ ಅವರ ಹೆಸರಿನಲ್ಲೇ ‘ಸಿಮ್ಮರಿಂಗ್’ ಎಂದು ಮಾರಾಟವಾಯಿತು. 1930ರ ದಶಕದಲ್ಲೇ ಚರ್ಮದ ಜಾಗಕ್ಕೆ ಕೃತಕ ರಬ್ಬರ್ ಬಂತು. ಬಿಸಿ ಹೆಚ್ಚಿದರೆ ಚರ್ಮ ಒಣಗಿ ಒರಟಾಗುತ್ತದೆ. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಆಯಿಲ್ ಸೀಲಿನ ರೂಪವೂ ಅದೇ: ಹೊರಗೆ ತಗಡಿನ ಬಳೆ, ಒಳಗೆ ರಬ್ಬರಿನ ತುಟಿ, ಆ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಬೆನ್ನಿಗೊಂದು ತೆಳ್ಳಗಿನ ಸುರುಳಿ ಸ್ಪ್ರಿಂಗು.

ನಮ್ಮ ರಸ್ತೆಗೆ ಈ ಬದಲಾವಣೆ ಬಂದದ್ದು ಬೆಂಜ್ ಲಾರಿಯ ಜೊತೆಗೆ. ಜೆಮ್‌ಷೆಡ್‌ಪುರದ ಟೆಲ್ಕೋ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋದರೂ ಜನರ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು. ‘ಹನ್ನೆರಡು ಹತ್ತು’ ಎಂದು ನಾವು ಕರೆಯುವ 1210 ಅಂದರೆ 12 ಟನ್ನಿನ, ನೂರು ಕುದುರೆಯ ಆಸುಪಾಸಿನ ಗಾಡಿ. ಅದರ ರಬ್ಬರ್ ಸೀಲುಗಳು ಒಳ್ಳೆಯವೇ, ಆದರೆ ಬೇಕೆಂದಾಗ ಸಿಗುತ್ತಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಬಸ್ಸಿನ ಡ್ರೈವರ್ ಕೈಲಿ ಚೀಟಿ ಕಳಿಸಿ ಕಾಯಬೇಕು. ಕಾಯಲಾಗದಿದ್ದರೆ ಅಪ್ಪ ದಪ್ಪ ಚರ್ಮವನ್ನು ಹರಳೆಣ್ಣೆಯಲ್ಲಿ ನೆನೆಸಿ, ಮರದ ಅಚ್ಚಿನಲ್ಲಿ ಒತ್ತಿ ಬಟ್ಟಲು ಮಾಡಿಕೊಳ್ಳುತ್ತಿದ್ದ. ಅದೇ ಗೊಟ್ಟದ ಎಣ್ಣೆ! ಇಲ್ಲವೇ ಹಳೇ ಸೀಲಿನ ಸ್ಪ್ರಿಂಗು ಬಿಡಿಸಿ, ಒಂದೆರಡು ಸುತ್ತು ಕತ್ತರಿಸಿ, ಮೂತಿಯನ್ನು ಬಾಲಕ್ಕೆ ತಿರುಚಿ ಮತ್ತೆ ಕೂರಿಸುವುದು. ತುಟಿ ಬಿಗಿಯಾಗಿ ಸೋರಿಕೆ ಅಂದಿಗೆ ನಿಲ್ಲುತ್ತಿತ್ತು. ಆದರೆ ಬಿಗಿ ಹೆಚ್ಚಾದಷ್ಟೂ ತುಟಿ ಕಾದು, ತಿರುಗುವ ಕಬ್ಬಿಣವನ್ನೇ ತೇಯುತ್ತದೆ. ಕಬ್ಬಿಣವನ್ನು ರಬ್ಬರ್ ತೇಯುವುದೇ ಎಂದು ನಗುವವರಿಗೆ ಹಳೇ ಲಾರಿಯ ಪಿನಿಯನ್ ಕಪ್ಲಿಂಗ್ ಕೈಗೆ ಕೊಡುತ್ತೇನೆ. ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿರುತ್ತದೆ. ಅಂಥ ಗೀರಿನ ಮೇಲೆ ಎಷ್ಟು ದುಬಾರಿ ಸೀಲು ಕೂರಿಸಿದರೂ ವ್ಯರ್ಥ. ಸೀಲನ್ನು ತುಸು ಒಳಗೆ ತಳ್ಳಿ ತುಟಿಗೆ ಹೊಸ ಜಾಗ ಕೊಡಬೇಕು, ಇಲ್ಲವೇ ಲೇತಿನಲ್ಲಿ ತೆಳುವಾದ ಸ್ಲೀವ್ ಏರಿಸಬೇಕು.

ಸೋರಿಕೆ ಓದುವುದನ್ನು ನಾನು ಕಲಿತದ್ದು ಮೂಗಿನಿಂದ. ಹೌಸಿಂಗಿನ, ಅಂದರೆ ಹಿಂದಿನ ಆಕ್ಸಲ್ಲಿನ ಕವಚದ, 140ರ ಎಣ್ಣೆ, ಗೇರ್‌ಬಾಕ್ಸಿನ 90ರ ಎಣ್ಣೆ ಎರಡರಲ್ಲೂ ಗಂಧಕದ ಘಾಟು ಇರುತ್ತದೆ. ಹಲ್ಲು ಹಲ್ಲಿಗೆ ಒತ್ತಿದಾಗ ಸವೆಯದಿರಲಿ ಎಂದು ಬೆರೆಸುವ ಮದ್ದಿನ ವಾಸನೆ ಅದು. ಕ್ಲಚ್ ಹೌಸಿಂಗಿನ ಅಡಿಯಿಂದ ತೊಟ್ಟಿಕ್ಕುವುದನ್ನು ಬೆರಳಿಗೆ ಮುಟ್ಟಿಸಿ ನೋಡಬೇಕು: ಕಪ್ಪಗೆ, ತೆಳ್ಳಗೆ, ಹೊಗೆ ವಾಸನೆ ಬಂದರೆ ಎಂಜಿನ್ನಿನ ಹಿಂದಿನ ಸೀಲು; ಅಂಟಂಟಾಗಿ ಮೂಗಿಗೆ ಹೊಡೆದರೆ ಗೇರ್‌ಬಾಕ್ಸಿನ ಮುಂದಿನದು. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು ನಿಜ, ಆದರೆ ಇಳಿಸಿದ ಮೇಲೆ ಯಾವುದಕ್ಕೆ ಕೈ ಹಾಕಬೇಕೆಂಬುದು ಮೊದಲೇ ಗೊತ್ತಿರಬೇಕು. ತಳವನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಗಾಡಿ ಓಡಿಸಿ ಬಂದು ನೋಡುವ ತಾಳ್ಮೆ ಈಗಿನ ಹುಡುಗರಿಗೆ ಕಡಿಮೆ. ಗಾಳಿಗೆ ಎಣ್ಣೆ ಹಿಂದಕ್ಕೆ ಹಾರುತ್ತದೆ. ಒದ್ದೆಯಾದ ಜಾಗವೇ ಸೋರುವ ಜಾಗವಲ್ಲ.

ನೆಲಕ್ಕೆ ಬೀಳುವ ಎಣ್ಣೆಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಹೆದರಿಕೆ ಹಬ್ ಸೀಲಿನದು. ಅದು ಹೋದರೆ ಹೌಸಿಂಗಿನ ಎಣ್ಣೆ ಕೊಳವೆಗುಂಟ ಬಂದು ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ, ಹೊರಗೆ ಹನಿಯೂ ಕಾಣದಿರಬಹುದು. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಅದರ ಫಲ ಗೊತ್ತಾಗುತ್ತದೆ. ಎಣ್ಣೆ ಕುಡಿದ ಬ್ರೇಕ್ ಲೈನರಿಗೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟು ಮತ್ತೆ ಕಟ್ಟುವ ಚಾಳಿ ನಮ್ಮ ಕಸುಬಿನಲ್ಲಿ ಬಹಳ ಕಾಲ ಇತ್ತು. ಮೇಲ್ಮೈ ಒಣಗುತ್ತದೆ, ಒಳಗಿನ ಎಣ್ಣೆ ಹಾಗೇ ಇದ್ದು ಲೈನರ್ ಕಾದೊಡನೆ ಮೇಲೆ ಬರುತ್ತದೆ. ಅದು ಶುದ್ಧ ಕೊಲೆಗಡುಕ ಕೆಲಸ.

2003ರ ಹೊತ್ತಿಗೆ ಚೀನಾದ ಬೇಡಿಕೆಯಿಂದ ಅದಿರಿನ ಭರಾಟೆ ಶುರುವಾಯಿತು. ಬಳ್ಳಾರಿ, ಸಂಡೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಲಾರಿಗಳು ಮಿತಿಮೀರಿ ಹೇರಿಕೊಂಡು ಬಂದರುಗಳ ಕಡೆ ಓಡಿದವು. ಶೆಡ್ಡಿಗೆ ಬಂದ ಗಾಡಿಗಳದ್ದು ಒಂದೇ ದೂರು: ಸೀಲು ನಿಲ್ಲುತ್ತಿಲ್ಲ. ಒಬ್ಬ ಮಾಲೀಕರಂತೂ ಹೊಸ ಸೀಲನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ನಾನು ಸೀಲಿಗೆ ಕೈ ಹಾಕಲಿಲ್ಲ. ಹೌಸಿಂಗಿನ ನೆತ್ತಿಯ ಮೇಲಿನ ಹೆಬ್ಬೆರಳ ತುದಿಯಷ್ಟಿರುವ ಬ್ರೀದರನ್ನು ಸ್ಪ್ಯಾನರಿನಿಂದ ಸಡಿಲಿಸಿದೆ. ಪುಸ್ಸೆಂದು ಗಾಳಿ ಹೊರಬಂತು. ತಿರುಗಿಸಿ ನೋಡಿದರೆ ತೂತಿನ ತುಂಬ ಕೆಂಪು ಅದಿರಿನ ಕೆಸರು, ಇಟ್ಟಿಗೆಯ ಹಾಗೆ ಗಟ್ಟಿ. ಗಾಡಿ ಓಡುವಾಗ ಎಣ್ಣೆ ಕಾದು ಒಳಗಿನ ಗಾಳಿ ಹಿಗ್ಗುತ್ತದೆ. ದಾರಿ ಮುಚ್ಚಿದ್ದರೆ ಅದು ಎಣ್ಣೆಯನ್ನು ಸೀಲಿನ ತುಟಿಯಿಂದಲೇ ನೂಕುತ್ತದೆ. ನಿಂತು ತಣ್ಣಗಾದಾಗ ಅದೇ ತುಟಿಯಿಂದ ನೀರು, ಧೂಳು ಒಳಕ್ಕೆ ಎಳೆಯುತ್ತದೆ. ಸೂಜಿ ಹಾಕಿ ಕೆಸರು ಕೆದಕಿ, ಡೀಸೆಲ್ಲಿನಲ್ಲಿ ತೊಳೆದು ಹಾಕಿದೆ. ಜೇಬಿನ ಸೀಲು ಜೇಬಿನಲ್ಲೇ ವಾಪಸ್ ಹೋಯಿತು.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ, ಆಮೇಲೆ ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ಸಾಲುಸಾಲಾಗಿ ನಿಂತವು. ನಿಂತ ಗಾಡಿಯ ಸೀಲು ಒಣಗಿ ಬಿರಿಯುತ್ತದೆ. ಸಿಕ್ಕ ಬೆಲೆಗೆ ಮಾರಿದ ಆ ಗಾಡಿಗಳನ್ನು ಕೊಂಡವರು ಮತ್ತೆ ನಮ್ಮಲ್ಲಿಗೇ ಬಂದರು. ಕೆಲವುಗಳ ಹೌಸಿಂಗು ಬಿಚ್ಚಿದರೆ ಎಣ್ಣೆಯ ಜೊತೆ ಮರದ ಹೊಟ್ಟು! ಹಲ್ಲಿನ ಸದ್ದು ಅಡಗಿಸಲು, ಎಣ್ಣೆ ಗಟ್ಟಿಯಾಗಿ ಸೋರದಂತೆ ಕಾಣಿಸಲು ಮಾರುವವರು ಮಾಡುವ ಹಳೇ ಕೈಚಳಕ.

ಈಗಲೂ ಹಳೇ 1210 ಕೊಳ್ಳುವವರಿದ್ದಾರೆ. ಅವರಿಗೆ ಹೇಳುವುದಿಷ್ಟು. ಮೊದಲು ಬ್ರೀದರ್ ಬಿಚ್ಚಿ ಊದಿ ನೋಡಿ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಲೆವೆಲ್ ಪ್ಲಗ್ ತೆಗೆದು, ಕಿರುಬೆರಳು ಹಾಕಿ ಎಣ್ಣೆ ತೂತಿನ ಅಂಚಿಗೆ ನಿಂತಿದೆಯೇ ನೋಡಿ. ಮೇಲಕ್ಕಿದ್ದರೆ ಹೆಚ್ಚಾದದ್ದು ಹೊರಬರುವುದೇ. ಆಮೇಲೆ ಕಪ್ಲಿಂಗ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಆಡಿದರೆ ಬೇರಿಂಗು ಹೋಗಿದೆ ಎಂದರ್ಥ, ಸೀಲಿನ ಖರ್ಚು ದಂಡ. ಮೂರೂ ಸರಿಯಿದ್ದರೆ ಮಾತ್ರ ಸೀಲು ಕೊಳ್ಳಿ. ಕೂರಿಸುವಾಗ ತುಟಿಗೆ ಗ್ರೀಸ್ ಹಚ್ಚಿ, ಅಳತೆಯ ಪೈಪಿನ ತುಂಡಿಟ್ಟು ಸುತ್ತ ಸಮನಾಗಿ ತಟ್ಟಿಸಿ. ಸೀಲಿನ ಮೇಲೆ ನೇರವಾಗಿ ಸುತ್ತಿಗೆ ಬೀಸುವ ಮೇಸ್ತ್ರಿಯ ಕೈಗೆ ಗಾಡಿ ಕೊಡಬೇಡಿ.